ಆರು ತಗಡು ಹಾರಿದವು, ಎರಡು ಹೂವು ಬಿದ್ದವು

ಒಟ್ಟು ಮೂವತ್ತೆರಡು ಸಾವಿರದ ನಾಲ್ಕು ನೂರ ಮೂವತ್ತೈದು ರೂಪಾಯಿ ಖರ್ಚಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅನುಭವ ಬರೆಯುವ ಭಕ್ತರು ದೇವರು ಕೊಟ್ಟದ್ದನ್ನು ಬರೆಯುತ್ತಾರೆ, ತಾವು ಕೊಟ್ಟದ್ದನ್ನು ಬರೆಯುವುದಿಲ್ಲ. ಓದಿದವರು ಎಲ್ಲವೂ ಪುಕ್ಕಟೆ ಆಗುತ್ತದೆಂದು ಕೈಕಟ್ಟಿ ಕೂರುತ್ತಾರೆ. ನನ್ನ ಖರ್ಚಿನಲ್ಲಿ ಹೊಸ ತಗಡು, ಕಬ್ಬಿಣದ ಪೈಪು, ಕೂಲಿ ಎಲ್ಲ ಬಂತು. ನಮ್ಮ ಓಣಿಯ ಗುಡಿಯ ಹಣಮಪ್ಪನಿಗೆ ಮಾಡಿಸಿದ ವೀಳ್ಯದ ಎಲೆ ಪೂಜೆಯೂ ಬಂತು. ಕೊನೆಯ ಮೂವತ್ತೈದು ರೂಪಾಯಿ ಮಾತ್ರ ಒಂದು ತೆಂಗಿನಕಾಯಿಗೆ. ಅದು ವಾಯುದೇವರಿಗೆ ನಾನು ಕೊಟ್ಟ ತಪ್ಪುಕಾಣಿಕೆ. ದೇವರ ತಂದೆಗೆ ದಂಡ ಕಟ್ಟುವಂಥ ಯಾವ ತಪ್ಪು ಮಾಡಿದೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ನೀಲವ್ವ. ರಾಣೆಬೆನ್ನೂರಿನಲ್ಲಿ ಪಾತ್ರೆ ವ್ಯಾಪಾರ. ಇಪ್ಪತ್ತೆಂಟು ವರ್ಷಗಳ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಸೀರೆ, ಹಳೆ ಪ್ಯಾಂಟು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಹೊಸರಿತ್ತಿಯಿಂದ ಕುಮಾರಪಟ್ಟಣದವರೆಗೆ ನಡೆದವಳು. ಎರಡು ಸೀರೆಗೆ ಒಂದು ಬೋಗುಣಿ ಎಂದರೆ ಮೂರು ಸೀರೆ ಇಸಿದುಕೊಂಡೇ ಎದ್ದವಳು. ಆ ಬುಟ್ಟಿಯಿಂದಲೇ ಸ್ವಂತ ಮನೆ ಕಟ್ಟಿದೆ. ಮುಂದಿನ ಪಡಸಾಲೆಯಲ್ಲಿ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಮೇಲೆ ಹದಿನಾಲ್ಕು ತಗಡು. ನಮ್ಮನೆಯವರು ಬಸಪ್ಪ, ಗೂಡ್ಸ್ ಆಟೋ ಓಡಿಸುತ್ತಾರೆ. ಮಾತು ಕಡಿಮೆ. ಮನೆಯಲ್ಲಿ ಮಾತಿನ ಖಾತೆ ನನ್ನದು.

ಆ ತಗಡು ಹೊದಿಸಿದವನು ಮೌಲಾಸಾಬ. ಒಳ್ಳೆಯ ಕೆಲಸಗಾರ. ಅವತ್ತು ಅವನೊಂದಿಗೆ ಎರಡು ತಾಸು ಚೌಕಾಶಿ ಮಾಡಿ ಗೆದ್ದಿದ್ದೆ. ಏನು ಗೆದ್ದೆ ಎಂಬುದನ್ನು ಈಗಲೇ ಹೇಳಿದರೆ ನೀವು ಓದುವುದನ್ನೇ ಬಿಟ್ಟುಬಿಡುತ್ತೀರಿ. ಮುಂದೆ ಹೇಳುತ್ತೇನೆ.

ನಮ್ಮ ಒಬ್ಬಳೇ ಮಗಳು ಸುಮಾಳನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಮೆಣಸಿನಕಾಯಿ ವ್ಯಾಪಾರದವರ ಮನೆ. ಅವಳ ಅತ್ತೆ, ಅಂದರೆ ನನ್ನ ಬೀಗತಿ ಶಾಂತವ್ವ, ಒಳ್ಳೆಯವರೇ. ಆದರೆ ಅವರ ಬಾಯಲ್ಲಿ ನಿಶ್ಚಿತಾರ್ಥದ ದಿನದಿಂದ ಒಂದೇ ಮಾತು: "ನಮ್ಮದು ಸ್ಲ್ಯಾಬಿನ ಮನಿ ನೋಡ್ರಿ." ಹಪ್ಪಳದ ವಿಷಯ ಎತ್ತಿದರೂ ಸ್ಲ್ಯಾಬಿನ ಮೇಲೆ ಎಷ್ಟು ಲಗೂ ಒಣಗುತ್ತವೆ ಎಂದೇ ಮುಗಿಸುತ್ತಾರೆ.

ಹೋದ ವರ್ಷ ಸುಮಾಳ ಚೊಚ್ಚಲ ಬಸಿರು. ಕುಬುಸ, ಅಂದರೆ ಸೀಮಂತ ಮಾಡಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಕರೆದುಕೊಂಡು ಬಂದೆ. ಇದು ನನಗೆ ಬರೀ ಪದ್ಧತಿಯಾಗಿರಲಿಲ್ಲ. ಸುಮಾ ಹುಟ್ಟಿದಾಗ ನನಗೆ ತವರು ಎನ್ನುವುದೇ ಇರಲಿಲ್ಲ. ತಾಯಿ ಸತ್ತಿದ್ದಳು, ತಂದೆ ಇದ್ದೂ ಇರಲಿಲ್ಲ. ಹೆತ್ತ ಹದಿನೆಂಟನೆಯ ದಿನ ಬುಟ್ಟಿ ಹೊತ್ತು ಹೊರಟೆ. ಕುಪ್ಪೇಲೂರಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮುಖ ನೋಡಿ, "ಹಸಿ ಬಾಣಂತಿ ಅದೀಯಲ್ಲಬೇ" ಎಂದು ಒಳಗೆ ಕರೆದು, ತನ್ನ ಬಾಣಂತಿ ಮಗಳಿಗೆಂದು ಕಟ್ಟಿದ್ದ ಅಂಟಿನುಂಡಿಯಲ್ಲಿ ಒಂದನ್ನು ಕೈಗಿಟ್ಟಳು. ಅವಳ ಮನೆಯ ಹೊಸ್ತಿಲಲ್ಲಿ ಕೂತು ಅದನ್ನು ತಿಂದೆ. ನನ್ನ ಇಡೀ ಬಾಣಂತನ ಅಂದರೆ ಅದೊಂದು ಉಂಡಿ. ನನ್ನ ಮಗಳು ಮಾತ್ರ ಮೂರು ತಿಂಗಳು ಹೊರಸಿನ ಮೇಲೆ ಮಲಗಿ, ಕೆಂಡದ ಕಾವು ತಗೊಂಡು, ದಿನಕ್ಕೆರಡು ಅಂಟಿನುಂಡಿ ತಿಂದು, "ಸಾಕಬೇ ಯವ್ವಾ" ಎಂದು ನನ್ನ ಮೇಲೆ ರೇಗಬೇಕು ಎಂದು ಅವತ್ತೇ ನಿಶ್ಚಯ ಮಾಡಿದ್ದೆ. ನಡುವಿನ ಕೋಣೆಯನ್ನು ಅದಕ್ಕೆಂದೇ ಸುಣ್ಣ ಬಳಿದು ಇಟ್ಟಿದ್ದೆ.

ಬಸವ ಜಯಂತಿ ಮುಗಿದ ಮರುವಾರ, ಮಂಗಳವಾರ ಸಂಜೆ ನಾಲ್ಕಕ್ಕೆ ಗಾಳಿ ಎದ್ದಿತು. ಮಳೆಗಾಳಿ ಅಂದರೆ ಮಳೆಗಾಳಿ. ನಾನು ಗಿರಾಕಿಗೆ ಒಂದು ಕುಕ್ಕರ್ ತೋರಿಸುತ್ತಿದ್ದೆ. ಮೇಲಿಂದ ಯಾರೋ ಪರಾತದ ತಟ್ಟೆ ಎಳೆದಂಥ ಸಪ್ಪಳವಾಯಿತು. ಗಿರಾಕಿ ಮೇಲೆ ನೋಡಿ, "ಅಕ್ಕಾರ, ನಿಮ್ಮ ಮನ್ಯಾಗ ಆಕಾಶ ಕಾಣಾಕತ್ತೈತ್ರಿ" ಎಂದು ಕುಕ್ಕರ್ ಬಿಟ್ಟು ಓಡಿಹೋದ. ಆರು ತಗಡು ಹಾರಿದ್ದವು. ಹದಿನಾಲ್ಕರಲ್ಲಿ ಬೇರೆ ಯಾವುದೂ ಅಲ್ಲ, ಸರಿಯಾಗಿ ಬಾಣಂತಿ ಕೋಣೆಯ ಮೇಲಿನವೇ ಆರು. ಉಳಿದವು ಕೂತಲ್ಲೇ ಅಲುಗಾಡಿ ತೂತುಗಳನ್ನು ದೊಡ್ಡದು ಮಾಡಿಕೊಂಡಿದ್ದವು.

ಮಳೆ ನಿಂತ ಮೇಲೆ ತಗಡು ಹುಡುಕಲು ಹೊರಟೆವು. ಎರಡು ತಗಡು ಪಕ್ಕದ ಖಾಲಿ ಜಾಗದಲ್ಲಿ, ಮೂರು ತಗಡು ಬೇವಿನ ಮರದಲ್ಲಿ ಸಿಕ್ಕವು. ಆರನೆಯದು ಹಣಮಪ್ಪನ ಗುಡಿಯ ಮುಂದೆ ಹೋಳಿಗೆಯಂತೆ ಎರಡು ಮಡಿಕೆ ಆಗಿ ಬಿದ್ದಿತ್ತು. ಓಣಿಯ ಮಂದಿಗೆ ಹೊಟ್ಟೆ ತುಂಬ ನಗೆ.

"ನೀಲವ್ವ ದೇವರಿಗೂ ಹಳೇ ಮಾಲು ಕೊಟ್ಟು ಹೊಸಾದು ಇಸ್ಕೋತಾಳ ನೋಡ್ರಿ" ಎಂದರು ಪೂಜಾರಿ ರಾಮಣ್ಣ.

ಬಾಗಿದ ತಗಡುಗಳನ್ನು ನಮ್ಮನೆಯವರು ತುಳಿದು ತುಳಿದು ನೆಟ್ಟಗೆ ಮಾಡಿ ಮೇಲಿಟ್ಟರು. ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ, ತಾಡಪತ್ರಿಯ ಮೇಲೆ ಕಲ್ಲು. ಮರುದಿನ ಬಂದ ಸಣ್ಣ ಮಳೆಗೇ ಮನೆ ಹತ್ತೊಂಬತ್ತು ಕಡೆ ಸೋರಿತು. ಒಂದು ಅನುಕೂಲ ಹೇಳಬೇಕು, ಪಾತ್ರೆಗೆ ಬರ ಇರಲಿಲ್ಲ. ದೊಡ್ಡ ಸೋರಿಕೆಗೆ ಕೊಪ್ಪರಿಗೆ, ಸಣ್ಣದಕ್ಕೆ ಚರಿಗೆ, ಗಳಿಗೆಗೊಮ್ಮೆ ಜಾಗ ಬದಲಿಸುವ ಸೋರಿಕೆಗೆ ಅಗಲವಾದ ಪರಾತ. ಒಂದೊಂದೂ ಒಂದೊಂದು ಸ್ವರ.

ಮೌಲಾಸಾಬನಿಗೆ ಫೋನು ಹಚ್ಚಿದೆ.

"ಅಕ್ಕಾರ, ಐದು ನಿಮಿಷದಾಗ ಹೇಳತೇನ್ರಿ. ಕುಪ್ಪೇಲೂರಾಗ ಅದೀನಿ."

ಸುತ್ತಲಿನ ಊರುಗಳಲ್ಲೆಲ್ಲ ತಗಡು ಹಾರಿದ್ದವು. ಮೌಲಾಸಾಬನ ಐದು ನಿಮಿಷ ಮೂರು ದಿನವಾಯಿತು. ನಾನು ಬಿಡುವವಳಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇರುವಾಗ ಕೂತಲ್ಲಿ ಕೂತು ಫೋನಿನಲ್ಲಿ ಯಾಕೆ ಬೈಯಬೇಕು? ಆಧಾರ್ ಕಾರ್ಡು ಹಿಡಿದು ಬುಧವಾರ ಕುಪ್ಪೇಲೂರಿಗೆ ಹೋದೆ. ಅಲ್ಲಿ ಒಂದು ಅರ್ಧ ಹೊದಿಸಿದ ಮನೆ, ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ ಯಜಮಾನ. "ಈಗ ಹ್ವಾದ್ರಿ, ಬ್ಯಾಡಗಿಗೆ." ಗುರುವಾರ ಬ್ಯಾಡಗಿಗೆ ಹೋದೆ. ಬೀಗತಿ ಕಂಡಾರೆಂದು ಸೆರಗನ್ನು ಮುಖದ ತನಕ ಎಳೆದುಕೊಂಡು ಮೆಣಸಿನಕಾಯಿ ಗೋದಾಮುಗಳ ಸಾಲಿನಲ್ಲಿ ಹುಡುಕಿದೆ. ಅಲ್ಲೊಂದು ಅರ್ಧ ಹೊದಿಸಿದ ಗೋದಾಮು. "ಈಗರೆ ಇದ್ದ ನೋಡ್ರಿ. ಹಾವೇರಿಗೆ ಹೋಗ್ಯಾನ." ಶುಕ್ರವಾರ ಹಾವೇರಿಯಲ್ಲೂ ಅದೇ ಅರ್ಧ ಮನೆ, ಅದೇ ತಲೆಯ ಮೇಲಿನ ಕೈ. ಜಿಲ್ಲೆಯ ಯಾವ ಊರಲ್ಲಿ ಅರ್ಧ ಹೊದಿಸಿದ ಮನೆ ಕಂಡರೂ ಇಲ್ಲಿ ಮೌಲಾ ಬಂದು ಹೋಗಿದ್ದಾನೆ ಎಂದು ಗುರುತು ಹಿಡಿಯುವಷ್ಟು ಅನುಭವಸ್ಥೆಯಾದೆ. ಬೇರೆ ಕೆಲಸಗಾರರನ್ನೂ ಕೇಳಿದೆ. ಎಲ್ಲರೂ ಹದಿನೈದು ದಿನದ ಮಾತು ಹೇಳಿದರು.

ಶುಕ್ರವಾರ ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಬೀಗತಿಯ ಫೋನು.

"ನೀಲವ್ವಾರ, ಗಾಳಿ ಭಾಳ ಆತಂತಲ್ರಿ ನಿಮ್ಮ ಕಡೆ?"

"ಏನಿಲ್ರಿ ಅಕ್ಕಾರ, ಸ್ವಲ್ಪ ಬೀಸ್ತು."

"ರವಿವಾರ ಬರತೇನ್ರಿ, ಸೊಸೀನ ನೋಡ್ಕೊಂಡು ಹೋಗಾಕ. ಮನಿ ಸೋರತಿದ್ರ ಮುಚ್ಚಿಡಬ್ಯಾಡ್ರಿ. ಬಾಣಂತಿಗೆ ತಂಪ ಹತ್ತಿದ್ರ ಜನ್ಮ ಪೂರ್ತಿ ಸೊಂಟ ನೋವು. ನಮ್ಮದು ಸ್ಲ್ಯಾಬಿನ ಮನಿ ಐತಿ, ಕರಕೊಂಡು ಹೋಕ್ಕೇನಿ."

ಫೋನು ಇಟ್ಟ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಂಟಿನುಂಡಿಗೆಂದು ತಂದ ಒಣಕೊಬ್ಬರಿ, ಉತ್ತುತ್ತಿ, ಅಂಟು ಎಲ್ಲ ಡಬ್ಬಿಯಲ್ಲಿದ್ದವು. ಡಬ್ಬಿಯ ಮುಚ್ಚಳದ ಮೇಲೆ ಹನಿ ಬೀಳುತ್ತಿತ್ತು. ಸುಮಾ ಡಬ್ಬಿಯನ್ನು ಆಚೆ ಸರಿಸಿ ಅದರ ಜಾಗದಲ್ಲಿ ಒಂದು ತಂಬಿಗೆ ಇಟ್ಟಳು. ಅದನ್ನು ನೋಡಿ ಇನ್ನೂ ಅಳು ಬಂತು.

ಮರುದಿನ ಶನಿವಾರ. ಹಣಮಪ್ಪನ ದಿನ. ಬೆಳಿಗ್ಗೆಯೇ ಸ್ನಾನ ಮಾಡಿ ಗುಡಿಗೆ ಹೋದೆ. ನಮ್ಮ ಗುಡಿಯಲ್ಲಿ ದೇವರಿಗೆ ಹೂವು ಹಚ್ಚಿ ಪ್ರಸಾದ ಕೇಳುವ ಪದ್ಧತಿ ಇದೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ರಾಮಣ್ಣ ಎರಡೂ ಬದಿಗೆ ಹೂವು ಹಚ್ಚಿದರು. ನಾನು ಕೈಮುಗಿದೆ. ಮನಸ್ಸಿನಲ್ಲಿ ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ವ್ಯಾಪಾರದ ಬಾಯಿ. ಗಟ್ಟಿಯಾಗಿಯೇ ಕೇಳಿದೆ.

"ಹಣಮಪ್ಪಾ, ನಾ ಸುತ್ತಿ ಬಳಸಿ ಮಾತಾಡೂದಿಲ್ಲ. ಗಾಳಿ ಅಂದ್ರ ನಿಮ್ಮಪ್ಪ. ನಿಮ್ಮಪ್ಪ ನನ್ನ ಆರು ಪತ್ರಾಸ ಕಿತ್ತಾನ, ಅದೂ ಬಾಣಂತಿ ಕ್ವಾಣಿ ಮ್ಯಾಲಿನ್ವ. ನಮ್ಮ ಬಜಾರದಾಗ ಅಪ್ಪ ಮಾಡಿದ ನುಕಸಾನಿ ಮಗ ತುಂಬಿ ಕೊಡತಾನ. ನೀನೂ ಹಂಗ ಮಾಡು. ನಾಳೆ ಬೀಗತಿ ಬರೂದ್ರೊಳಗ ಮನಿ ಮ್ಯಾಲೆ ಪತ್ರಾಸ ಕುಂದ್ರತಾವೋ ಇಲ್ಲೋ, ಹೇಳು."

ರಾಮಣ್ಣ ಬಾಯಿಗೆ ಕೈ ಇಟ್ಟುಕೊಂಡರು. "ಏ ನೀಲವ್ವಾ, ದೇವರ ಮುಂದ ನಿಂತೀ, ಸಂತ್ಯಾಗ ಅಲ್ಲ!"

ಹೂವು ಬಿತ್ತು. ಎಡಕ್ಕೆ.

ಗಿರಾಕಿ ಮೊದಲು ಹೇಳಿದ ರೇಟಿಗೆ ಯಾರಾದರೂ ಏಳುತ್ತಾರೆಯೇ? ನಾನು ಸ್ವಲ್ಪ ಇಳಿದೆ. "ಆತು. ನಾಳೆ ಬ್ಯಾಡ. ನಿನಗೂ ಕೆಲಸ ಇರತಾವ. ನನ್ನ ಮಗಳ ಬಾಣಂತನ ನನ್ನ ಮನ್ಯಾಗ ಆಗಬೇಕು, ಅಷ್ಟ. ಹೆಂಗ ಮಾಡತೀ ನಿನಗ ಬಿಟ್ಟದ್ದು. ಮಾಡಿದ್ರ ಎಲಿ ಪೂಜಿ ಮಾಡಸ್ತೇನಿ. ನೂರಾಒಂದು ಎಲಿ."

ಉಳಿದ ಹೂವು ಅಲುಗಾಡಲಿಲ್ಲ.

"ಐದು ನೂರು."

ಅಲುಗಾಡಲಿಲ್ಲ. ಗಾಳಿಗೆ ಎಲೆ ತೋಟಗಳೂ ಹಾಳಾಗಿ ಎಲೆಯ ದರ ಮೇಲೇರಿತ್ತು, ಇದು ನನ್ನ ತಲೆಯಲ್ಲಿ ಇತ್ತು. ಆದರೆ ಸುಮಾ ತಂಬಿಗೆ ಇಟ್ಟದ್ದೂ ಕಣ್ಣ ಮುಂದೆ ಇತ್ತು. ಲೆಕ್ಕ ಅಲ್ಲಿಗೇ ಬಿಟ್ಟೆ. "ನಿನಗ ಎಷ್ಟು ಬೇಕೋ ಅಷ್ಟು ತಗೋ ತಂದೆ" ಎಂದೆ. ಜೀವನದಲ್ಲಿ ಮೊದಲ ಸಲ ರೇಟನ್ನು ಎದುರಿನವರಿಗೆ ಬಿಟ್ಟಿದ್ದೆ.

ಬಲಗಡೆಯಿಂದ ಹೂವು ಬಿತ್ತು. ಒಂದಲ್ಲ, ಅದರ ಹಿಂದೆಯೇ ಇನ್ನೊಂದು. ಎರಡೂ ಬಲಕ್ಕೆ.

"ಎರಡ ಯಾಕ ಬಿದ್ದೂ?" ಎಂದು ಕೇಳಿದೆ.

"ಇಷ್ಟು ವರ್ಷಾತು ಪೂಜಿ ಮಾಡಾಕತ್ತು, ಎರಡು ಬಿದ್ದದ್ದು ನಾನೂ ನೋಡಿಲ್ಲ. ಒಂದು ಕೊಂಡ್ರ ಒಂದು ಪುಕ್ಕಟೆ ಇರಬೇಕು, ನೀ ಬಂದೀಯಲ್ಲ" ಎಂದರು ರಾಮಣ್ಣ.

ಭಾನುವಾರ ಹನ್ನೊಂದಕ್ಕೆ ಬೀಗತಿ ಬಂದರು, ಒಂದು ಚೀಲ ಕೆಂಪು ಮೆಣಸಿನಕಾಯಿ ಹೊತ್ತುಕೊಂಡು. ಒಳ್ಳೆ ಬಿಸಿಲಿತ್ತು. ತಾಡಪತ್ರಿ ಕಾಣದಂತೆ ಒಳಗಿನಿಂದ ಹಳೆ ಸೀರೆಗಳನ್ನು ಮೇಲ್ಕಟ್ಟಿನಂತೆ ಕಟ್ಟಿದ್ದೆ. ಸೋರುವ ಜಾಗದಲ್ಲೆಲ್ಲ ಪಾತ್ರೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಹೊಸ ಮಾಲು ಬಂದಿದೆ, ಇಡಲು ಜಾಗವಿಲ್ಲ ಎಂದೆ. ಅವರು ನಂಬಿದರು. ಊಟವಾಯಿತು. ಹೊರಡುವ ಹೊತ್ತಿಗೆ ಚಹಾ ಇಟ್ಟೆ. ಇನ್ನು ಹತ್ತು ನಿಮಿಷ ಕಳೆದರೆ ಗೆದ್ದೆ ಎನ್ನುವಾಗ ಮೋಡ ಕವಿದು ಹನಿ ಶುರುವಾಯಿತು.

ಟಣ್. ಟಿಣ್. ಡಬ್.

"ಏನ್ರಿ ಅದು ಸಪ್ಪಳ?" ಎಂದರು ಬೀಗತಿ.

"ನಮ್ಮನಿಯವರು ಪಾತ್ರಿ ಬಡದು ನೋಡಾಕತ್ತಾರ್ರಿ, ಗಟ್ಟಿ ಅದಾವೋ ಇಲ್ಲೋ ಅಂತ."

ನಮ್ಮನೆಯವರು ನನ್ನ ಮುಖ ನೋಡಿದರು. ಪಾಪ, ಎದ್ದು ಒಂದು ಸೌಟು ತೆಗೆದುಕೊಂಡು ಕೊಪ್ಪರಿಗೆ ಬಡಿಯತೊಡಗಿದರು. ಮಳೆ ಜೋರಾದಂತೆ ಅವರೂ ಜೋರಾಗಿ ಬಡಿದರು. ಒಬ್ಬ ಮನುಷ್ಯ ಹತ್ತೊಂಬತ್ತು ಪಾತ್ರೆಗಳಿಗೆ ಎಲ್ಲಿ ಸಾಲುತ್ತಾನೆ? ಸುಮಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಬೀಗತಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿಯುವವರು. ಎರಡು ಗುಟುಕು ಕುಡಿದರು. ಬಸಿ ನೋಡಿದರು. ಮತ್ತೆ ಎರಡು ಗುಟುಕು. ಮತ್ತೆ ನೋಡಿದರು.

"ನೀಲವ್ವಾರ, ಎಷ್ಟು ಕುಡದ್ರೂ ಈ ಚಾ ತೀರವಲ್ತಲ್ರಿ."

ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ತಲೆಯ ಮೇಲಿನ ಸೀರೆ ನೀರಿನ ಭಾರಕ್ಕೆ ಹೊಟ್ಟೆ ಬಿಟ್ಟು, ಗಂಟು ಬಿಚ್ಚಿ, ಒಂದು ಕೊಡದಷ್ಟು ನೀರು ದಡಲ್ಲನೆ ಬಿತ್ತು. ದೇವರ ದಯೆ, ಅವರ ಮೈಮೇಲಲ್ಲ, ಮಗ್ಗುಲಿಗೆ. ಬೀಗತಿ ನಿಧಾನಕ್ಕೆ ಮೇಲೆ ನೋಡಿದರು. ತಗಡಿನ ಸಂದಿಯಲ್ಲಿ ಮೋಡ ಕಾಣುತ್ತಿತ್ತು. ನಮ್ಮನೆಯವರು ಇನ್ನೂ ಕೊಪ್ಪರಿಗೆ ಬಡಿಯುತ್ತಲೇ ಇದ್ದರು.

"ಸಾಕ್ರಿ ಬೀಗರ" ಎಂದರು ಅವರು. "ಗಟ್ಟಿ ಅದಾವ." ಆಮೇಲೆ ಸೊಸೆಯ ಕಡೆ ತಿರುಗಿ, "ಸುಮಾ, ಅರಿವಿ ಕಟ್ಕೋ."

"ಗಾಳಿ ಮಾಡಿದ ಕೆಲಸಕ್ಕ ನಾ ಏನ್ ಮಾಡಲ್ರಿ ಅಕ್ಕಾರ? ಒಂದ ನಾಕು ದಿನ ತಡೀರಿ" ಎಂದು ಕೈ ಹಿಡಿದೆ.

"ನೀವು ಏನೂ ಮಾಡಬ್ಯಾಡ್ರಿ. ಹೊಟ್ಟ್ಯಾಗಿನ ಕೂಸು ನಾಕು ದಿನ ತಡೀತೈತೋ ಇಲ್ಲೋ ಯಾರು ಬಲ್ಲರು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹಾಗಾಗಿ ಜಗಳ ಮಾಡಲೂ ಆಗಲಿಲ್ಲ.

ಮಳೆ ನಿಂತ ಮೇಲೆ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಅಂಟಿನುಂಡಿಯ ಸಾಮಾನಿನ ಡಬ್ಬಿಯನ್ನು ಬೀಗತಿಯ ಚೀಲಕ್ಕೆ ನಾನೇ ಹಾಕಿದೆ. ಬ್ಯಾಡಗಿ ಬಸ್ಸು ಬಂತು. ಮನಸ್ಸಿನಲ್ಲಿ ಹಣಮಪ್ಪನಿಗೆ, "ಎರಡು ಹೂವು ಕೊಟ್ಟು ಹಿಂಗ ಮಾಡಿದಿ, ಇದು ಯಾವ ವ್ಯಾಪಾರ?" ಎಂದು ಕೇಳುತ್ತಿದ್ದೆ. ಸುಮಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ಎತ್ತಲಿಲ್ಲ. ಕಂಬಿ ಹಿಡಿದು ನಿಂತುಬಿಟ್ಟಳು.

"ಯವ್ವಾ... ನೋವು."

ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಕಂಡಕ್ಟರ್ ಕೆಳಗಿಳಿದು ಕೈಮುಗಿದ. "ಯವ್ವಾ, ನನ್ನ ಬಸ್ಸಿನಾಗ ಬ್ಯಾಡ್ರಿ. ಲಗೂನ ದವಾಖಾನಿಗೆ ಒಯ್ರಿ." ನಮ್ಮನೆಯವರು ಗೂಡ್ಸ್ ಆಟೋ ತಂದು ನಿಲ್ಲಿಸಿದರು. ಸುಮಾಳನ್ನು ಮುಂದೆ ಕೂರಿಸಿ, ನಾವಿಬ್ಬರೂ ಬೀಗತಿಯರು ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ಒಬ್ಬರನ್ನೊಬ್ಬರು ಹಿಡಿದು ಕೂತೆವು. ಸ್ಲ್ಯಾಬೂ ಇಲ್ಲ, ತಗಡೂ ಇಲ್ಲ, ಮೇಲೆ ಬರೀ ಆಕಾಶ.

ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾಳನ್ನು ಒಳಗೆ ಕರೆದುಕೊಂಡು ಹೋದರು. ನಾವು ಹೊರಗಿನ ಬೆಂಚಿಗೆ ಬಂದೆವು. ಬೆಂಚಿನ ಆ ತುದಿಯಲ್ಲಿ ಒಬ್ಬ ಮನುಷ್ಯ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದ. ಕಾಲ ಸಪ್ಪಳಕ್ಕೆ ತಲೆ ಎತ್ತಿದ.

ಮೌಲಾಸಾಬ!

ನನ್ನನ್ನು ನೋಡಿದವನೇ ಎದ್ದು ಗೋಡೆಗೆ ಅಂಟಿಕೊಂಡ. "ಅಕ್ಕಾರ, ಹೆರಿಗಿ ದವಾಖಾನಿತನಾ ಹುಡಿಕ್ಕೊಂಡು ಬಂದ್ರೇನ್ರಿ?"

ಮೂರು ಊರು ತಿರುಗಿ ಸಿಗದವನು ನಮ್ಮ ಊರ ಬೆಂಚಿನ ಮೇಲೆ ಕೂತಿದ್ದ. ಅವನ ಮಗಳದೂ ಚೊಚ್ಚಲ ಹೆರಿಗೆ. ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ, ಹೆಂಡತಿ ಇಲ್ಲ, ಜೊತೆಗೆ ಹೆಣ್ಣುದಿಕ್ಕಿಲ್ಲ. ಅದಕ್ಕೇ ಫೋನೂ ಬಂದ್ ಮಾಡಿ ಕೂತಿದ್ದ. ನನಗೆ ಬೈಗುಳ ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿದೆ.

"ಕುಂದ್ರು ತಮ್ಮಾ. ನನ್ನ ಮಗಳೂ ಒಳಗ ಅದಾಳ."

ಆಮೇಲೆ ಬೀಗತಿ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆ: "ನೋಡು ಮೌಲಾ, ಎಂಥಾ ಗಾಳಿ ಬೀಸ್ತು. ಆರು ಪತ್ರಾಸ ಒಯ್ತು."

ಮೌಲಾಸಾಬ ನೆಲ ನೋಡುತ್ತ ಹೇಳಿದ: "ಗಾಳೀದೇನು ತಪ್ಪರಿ ಅಕ್ಕಾರ? ನಿಮ್ಮ ಮಗ್ಗಲ ಮನೀಗೂ ನಾನ ಹೊಚ್ಚೇನಿ. ಒಂದರ ಹಾರೇತೇನ್ರಿ?"

"ಮತ್ತ ನನ್ನವ ಯಾಕ ಹಾರಿದೂ?"

"ಪೈಪಿಗೆ ಬಿಗಿಯಾಕ ಒಂದು ಪತ್ರಾಸಕ್ಕ ಆರು ಹುಕ್ಕ ಬೇಕಂತ ಹೇಳಿದ್ದೆ. ನೀವು ಎರಡು ತಾಸು ಕುಂತು ಮೂರಕ್ಕ ಇಳಿಸಿದ್ರಿ. 'ಮ್ಯಾಲೆ ಎರಡು ಕಲ್ಲು ಹೇರತೇನಿ, ಕಲ್ಲು ಪುಕ್ಕಟೆ' ಅಂದ್ರಿ."

ಇದೇ ನಾನು ಗೆದ್ದ ಚೌಕಾಶಿ. ಹದಿನಾಲ್ಕು ತಗಡಿಗೆ ನಲವತ್ತೆರಡು ಹುಕ್ ಉಳಿಸಿದ್ದೆ. ಅದನ್ನು ಎಲ್ಲ ಬೀಗರ ಮುಂದೆಯೂ ಹೇಳಿಕೊಂಡಿದ್ದೆ, ಶಾಂತವ್ವರ ಮುಂದೆಯೂ ಸಹ. ಅವರು ನನ್ನ ಕಡೆ ತಿರುಗಿದರು.

"ಅಂದ್ರ ಗಾಳಿ ಒಯ್ದಿಲ್ಲ, ನೀವ ಹಾರಿಸೀರಿ ಅನ್ರಿ."

ಹಣಮಪ್ಪನ ಮುಂದೆ ನಿಂತು ಅವರಪ್ಪನ ಹೆಸರು ಕೆಡಿಸಿದ್ದೆನಲ್ಲ, ಅದು ನೆನಪಾಗಿ ಕಿವಿ ಬಿಸಿಯಾದವು. ತಪ್ಪು ನನ್ನದು, ಬಿಲ್ಲು ದೇವರಿಗೆ ಕೊಟ್ಟಿದ್ದೆ.

"ಮೌಲಾ" ಎಂದೆ, "ಹೊಸಾ ಪತ್ರಾಸ ಹಾಕು. ಒಂದಕ್ಕ ಆರು ಹುಕ್ಕ. ನಿನ್ನ ರೇಟ ನೀ ಹೇಳು, ನಾ ಮಾತಾಡೂದಿಲ್ಲ."

ಅವನು ಗಾಬರಿಯಾದ. "ಅಕ್ಕಾರ, ಆರಾಮ ಅದೀರಿಲ್ರೀ? ನರ್ಸಬಾಯಾರ, ಇಕಡೆ ಬರ್ರಿ, ಇವ್ರಿಗೆ ಬಿ.ಪಿ. ನೋಡ್ರಿ!"

ನರ್ಸ್ ಖರೇನೇ ಬಂದರು. ಬಿ.ಪಿ. ನೋಡಲಿಲ್ಲ, ಸುದ್ದಿ ಹೇಳಿದರು. ಸುಮಾಳಿಗೆ ಹೆಣ್ಣುಮಗು, ಎರಡೂ ಮುಕ್ಕಾಲು ಕೆ.ಜಿ., ಇಬ್ಬರೂ ಆರಾಮ. ಅರ್ಧ ತಾಸಿಗೆ ಮೌಲಾಸಾಬನ ಮಗಳಿಗೆ ಗಂಡುಮಗು. ಅವನು ಬೆಂಚಿನ ಮೇಲೆ ಕೂತು ಚಿಕ್ಕ ಹುಡುಗನಂತೆ ಅತ್ತ. ಬೀಗತಿ ತಮ್ಮ ಸೆರಗಿನಿಂದ ಒಮ್ಮೆ ತಮ್ಮ ಕಣ್ಣು, ಒಮ್ಮೆ ನನ್ನ ಕಣ್ಣು ಒರೆಸಿದರು.

ಆಮೇಲೆ ಚೌಕಾಶಿ ಮಾಡಿದವರು ಅವರೇ. ನನಗಿಂತ ಗಟ್ಟಿ ಹೆಣ್ಣುಮಗಳು ಎಂದು ಅವತ್ತು ಒಪ್ಪಿಕೊಂಡೆ. ಮೌಲಾಸಾಬನನ್ನು ಕರೆದು, "ಮೂರು ದಿನ ಇಬ್ಬರನ್ನೂ ಇಲ್ಲೇ ಇಟ್ಕೋತಾರ. ನಿನ್ನ ಮಗಳನ್ನ ನಾನು ನೋಡ್ಕೋತೇನಿ, ಗಂಜಿ, ಬಿಸಿನೀರು, ಕೂಸಿನ ಅರಿವಿ, ಎಲ್ಲಾ. ನೀ ಮೂರು ದಿನದಾಗ ಇವರ ಮನಿ ಹೊಚ್ಚಬೇಕು. ಅರ್ಧಕ್ಕ ಬಿಟ್ಟು ಹೋದ್ಯೋ, ನಿನ್ನ ಮೊಮ್ಮಗನ್ನ ಬ್ಯಾಡಗಿಗೆ ಒಯ್ತೇನಿ" ಎಂದರು. ಅವನು ಎರಡೂ ಕೈಯಿಂದ ಗಲ್ಲ ಮುಟ್ಟಿಕೊಂಡ.

ಮೂರು ದಿನ ಮೌಲಾಸಾಬ ಮನೆಯ ಮೇಲೆ, ಶಾಂತವ್ವ ಎರಡು ಮಂಚಗಳ ನಡುವೆ. ನಾನು ಕೆಳಗೆ ನಿಂತು ಹುಕ್ ಎಣಿಸಿದೆ. ಕಡಿಮೆ ಮಾಡಲು ಅಲ್ಲ. ಒಂದು ತಗಡಿಗೆ ಐದೇ ಕಂಡಾಗ ನಾನೇ ಕೂಗಿದೆ, "ಏ ಮೌಲಾ, ಇನ್ನೊಂದು ಎಲ್ಲಿ?" ಅವನ ಜೊತೆಯವರು ಕೆಲಸ ನಿಲ್ಲಿಸಿ ನಕ್ಕರು. ಅವನು ಮಾತ್ರ ನಗದೆ, ಆಕಾಶಕ್ಕೆ ಕೈ ಮಾಡಿ ಏನೋ ಅಂದುಕೊಂಡು ಆರನೆಯದನ್ನು ಬಿಗಿದ.

ಡಿಸ್ಚಾರ್ಜ್ ದಿನ ಬೀಗತಿ ನನ್ನನ್ನು ಆಸ್ಪತ್ರೆಯ ಮೂಲೆಗೆ ಕರೆದರು. ದನಿ ಸಣ್ಣದಾಗಿತ್ತು.

"ನೀಲವ್ವಾರ, ಸುಮಾ ನಿಮ್ಮಲ್ಲೇ ಇರಲಿ."

ನಾನು ಅವರ ಎರಡೂ ಕೈ ಹಿಡಿದುಕೊಂಡೆ.

"ಮತ್ತ... ನಾನೂ ಒಂದ ಎಂಟು ದಿನ ಇರಲೇನ್ರಿ?"

ವಿಷಯ ಏನೆಂದರೆ, ಅದೇ ಭಾನುವಾರದ ಮಳೆ ಬ್ಯಾಡಗಿಯಲ್ಲೂ ಹೊಡೆದಿತ್ತು. ಅವರ ಸ್ಲ್ಯಾಬಿನ ಮೇಲೆ ಮೆಣಸಿನಕಾಯಿ ಒಣಗಿಸಿ ತೊಟ್ಟು ಮುರಿಯುತ್ತಾರೆ. ಆ ತೊಟ್ಟೆಲ್ಲ ನೀರು ಹೋಗುವ ಪೈಪಿನಲ್ಲಿ ಸಿಕ್ಕಿ, ಸ್ಲ್ಯಾಬು ಕೆರೆಯಾಗಿ, ನೀರು ಮೆಟ್ಟಿಲಲ್ಲಿ ಇಳಿದು ಮಲಗುವ ಕೋಣೆಯಲ್ಲಿ ಮೊಣಕಾಲ ಮಟ ನಿಂತಿತ್ತು. ಬರೀ ನೀರಲ್ಲ, ಖಾರದ ನೀರು. ಮನೆಯವರೆಲ್ಲ ಕಾಲು ಉರಿಯೆಂದು ಕುಣಿಯುತ್ತಿದ್ದರಂತೆ. ಅವತ್ತು ಸುಮಾ ಇನ್ನೊಂದು ಕಾಲು ಎತ್ತಿ ಬಸ್ಸು ಹತ್ತಿದ್ದರೆ ಆ ಖಾರದ ಕೆರೆಗೇ ಹೋಗಿ ಇಳಿಯುತ್ತಿದ್ದಳು.

ಆಗ ತಿಳಿಯಿತು ನನಗೆ, ಹಣಮಪ್ಪ ಎರಡು ಹೂವು ಯಾಕೆ ಕೊಟ್ಟನೆಂದು. ಒಂದು ಮಗಳಿಗೆ, ಇನ್ನೊಂದು ಬೀಗತಿಗೆ.

ಎಂಟು ದಿನ ಎಂದವರು ಐದು ವಾರ ಇದ್ದರು. ಅಂಟಿನುಂಡಿಗೆ ಪಾಕ ಹಿಡಿಯುವುದರಲ್ಲಿ ನಮಗಿಬ್ಬರಿಗೂ ದಿನಾ ಜಗಳ. ಸುಮಾ ಮೂರನೆಯ ವಾರಕ್ಕೇ, "ಸಾಕಬೇ ಯವ್ವಾ, ಇನ್ನ ಉಂಡಿ ಅಂದ್ರ ಓಡಿ ಹೋಕ್ಕೇನಿ" ಎಂದು ರೇಗಿದಳು. ಆ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆನೋ ನನಗೇ ಗೊತ್ತು. ಅಡುಗೆಮನೆಗೆ ಹೋಗಿ ಒಬ್ಬಳೇ ಕೂತು ಒಂದು ಉಂಡಿ ತಿಂದೆ. ಅವತ್ತು ಜೋರು ಮಳೆ. ಹತ್ತೊಂಬತ್ತು ಪಾತ್ರೆಗಳೂ ಕಪಾಟಿನಲ್ಲಿ ಸುಮ್ಮನಿದ್ದವು.

ಪುರುಡು ಕಳೆದ ಮೇಲಿನ ಶನಿವಾರ ಎಲೆ ಪೂಜೆ ಮಾಡಿಸಿದೆ. ಎಷ್ಟು ಎಲೆ ಎಂದು ರಾಮಣ್ಣ ಕೇಳಿದರು. ಹಣಮಪ್ಪ ಮುಚ್ಚುವಷ್ಟು ಎಂದೆ. ಆಮೇಲೆ ವಾಯುದೇವರ ಹೆಸರಿನಲ್ಲಿ ಕಾಯಿ ಒಡೆಸಿ, ಗಲ್ಲ ಬಡಿದುಕೊಂಡು, "ತಪ್ಪಾತು ಹಿರ್ಯಾ, ನಿನ್ನ ಮಗ ದೊಡ್ಡ ಮನಸ್ಸಿನವ, ನನ್ನ ಮಾತು ನಿನಗ ಹೇಳಿರಲಿಕ್ಕಿಲ್ಲ" ಎಂದೆ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಆ ಕಾಯಿಗೂ ನಾನು ಚೌಕಾಶಿ ಮಾಡಿರಲಿಲ್ಲ.

ಭಕ್ತ ಬಂಧುಗಳೇ, ನನಗೆ ತಿಳಿದಷ್ಟು ಹೇಳುತ್ತೇನೆ, ಉಪಯೋಗ ಮಾಡಿಕೊಳ್ಳಿರಿ. ದೇವರ ಹತ್ತಿರ ಸಂಕಟವನ್ನು ಬಾಯಿಬಿಟ್ಟು ಹೇಳಿರಿ, ಆದರೆ ಇಂಥ ದಿನ, ಇಂಥ ರೀತಿ ಎಂದು ಕಟ್ಟು ಹಾಕಬೇಡಿರಿ. ನಾನು ತಗಡು ಕೇಳಿದೆ, ಅವನು ತಗಡು ಹೊದಿಸುವವನನ್ನೇ ಬೆಂಚಿನ ಮೇಲೆ ಕೂರಿಸಿದ. ಮಳೆಗಾಲಕ್ಕೆ ಮೊದಲು ಒಮ್ಮೆ ನಿಚ್ಚಣಿಕೆ ಹಾಕಿ ಮನೆಯ ಮೇಲೆ ಹತ್ತಿರಿ. ತಗಡಿನವರು ಹುಕ್ ಅಲುಗಾಡಿಸಿ ನೋಡಿರಿ, ಸ್ಲ್ಯಾಬಿನವರು ಪೈಪಿನಲ್ಲಿ ಕೈ ಹಾಕಿ ಕಸ ತೆಗೆಯಿರಿ. ಕಲ್ಲಿನ ಮೇಲೆ ನಂಬಿಕೆ ಇಡಬೇಡಿರಿ, ಹಣಮಪ್ಪನ ಕಲ್ಲೊಂದನ್ನು ಬಿಟ್ಟು. ತಗಡಿನ ಮೇಲೆ, ಕೂಲಿಯ ಮೇಲೆ, ಸಾಗಣೆಯ ಮೇಲೆ ಬೇಕಾದಷ್ಟು ಚೌಕಾಶಿ ಮಾಡಿರಿ, ಹೇಗೆ ಮಾಡಬೇಕೆಂದು ತಿಳಿಯದಿದ್ದರೆ ನನ್ನ ಅಂಗಡಿಗೆ ಬನ್ನಿರಿ. ಹುಕ್ಕಿನ ಮೇಲೆ ಮಾತ್ರ ಬೇಡ. ಕೆಲಸಗಾರ ಆರು ಎಂದರೆ ನೀವು ಏಳು ಎನ್ನಿರಿ. ಅವನು ಗಾಬರಿಯಾದರೆ ಆಗಲಿ.

ಇನ್ನೊಂದು ಮಾತು. ಬೀಗತಿಯರಿಗೆ ಬಸಿಯಲ್ಲಿ ಚಹಾ ಕೊಡುವ ಮೊದಲು ಒಮ್ಮೆ ಮೇಲೆ ನೋಡಿರಿ.